‘ಅವರು’ ಅಂದರೆ ಯಾರು? ಚುನಾವಣೆಯ ಒಳಮಾತೂ ಹಿಂದೂಪುರದ ಕಿವಿಯೂ

ಆಂಧ್ರದ ಹಿಂದೂಪುರದ ಹೆಸರನ್ನು ಮೊದಲ ಸಲ ಕೇಳಿದವರು ಅದು ಧರ್ಮದಿಂದ ಬಂದ ಹೆಸರೆಂದೇ ತಿಳಿಯುತ್ತಾರೆ. ಊರಿನ ಹಿರಿಯರನ್ನು ಕೇಳಿದರೆ ಕಥೆ ಬೇರೆ. ಗುತ್ತಿಯ ಮರಾಠಾ ಸರದಾರ ಮುರಾರಿರಾವ್ ಘೋರ್ಪಡೆ ಈ ಪೇಟೆ ಕಟ್ಟಿಸಿ ಅಪ್ಪ ಹಿಂದೂರಾವ್‌ನ ಹೆಸರಿಟ್ಟ ಎಂಬುದು ಅಲ್ಲಿನ ಐತಿಹ್ಯ. ಅದೇ ಸೀಮೆಯ ಕಲ್ಯಾಣದುರ್ಗದ ಕಥೆಯೂ ಇಂಥದ್ದೇ. ಮದುವೆಗೂ ಮಂಗಳಕ್ಕೂ ಸಂಬಂಧವಿಲ್ಲ, ಕಲ್ಯಾಣಪ್ಪ ಎಂಬ ಪಾಳೆಯಗಾರನಿಂದ ಬಂದ ಹೆಸರು ಎನ್ನುತ್ತಾರೆ. ಹೇಳಿದವನು ಒಂದು ಹೇಳಿದ, ಕೇಳಿದವನಿಗೆ ಇನ್ನೊಂದು ಕೇಳಿಸಿತು. ಊರಿನ ಹೆಸರಿನ ಮಟ್ಟಿಗೆ ಇದು ತಮಾಷೆ. ಚುನಾವಣೆಯ ವೇದಿಕೆ ಹತ್ತಿದ ಮಾತಿಗೆ ಇದೇ ಆದಾಗ ಯಾರಿಗೂ ನಗು ಬರುವುದಿಲ್ಲ.

ಹಿಂದೂಪುರದ ಹುಣಸೆಹಣ್ಣಿನ ಮಂಡಿಯಲ್ಲಿ ತೆಲುಗು, ಕನ್ನಡ, ದಖನಿ ಉರ್ದು ಒಂದೇ ವ್ಯಾಪಾರದೊಳಗೆ ಬಂದು ಹೋಗುತ್ತವೆ. ಗೌರಿಬಿದನೂರು ಕಡೆಯಿಂದ ಬಂದವನಿಗೆ ಯಾವ ಮಾತೂ ಪರಕೀಯ ಅನಿಸುವುದಿಲ್ಲ. ಆದರೆ ಮತದಾನ ಹತ್ತಿರವಾದಾಗ ಇಂಥ ಊರಿನ ಯಾವುದೇ ಟೀ ಅಂಗಡಿಯಲ್ಲಿ ಕಿವಿಗೊಟ್ಟು ಕೂತರೆ ಒಂದು ಮಾತು ಕೇಳಿಬರುತ್ತದೆ: “ಅವರೆಲ್ಲ ಒಂದೇ ಕಡೆ ಹಾಕ್ತಾರೆ ಬಿಡಿ.” ಯಾರು ಈ ‘ಅವರು’? ಹೇಳಿದವನು ಹೆಸರೆತ್ತಿಲ್ಲ, ಎದುರಿಗಿದ್ದವನು ವಿಚಾರಿಸಿಲ್ಲ. ಪಕ್ಕದ ಬೆಂಚಿನಲ್ಲಿ ಟೋಪಿ ಹಾಕಿ ಕೂತಿದ್ದ ಹಿರಿಯರು ಮಾತ್ರ ಅರ್ಧ ಕುಡಿದ ಲೋಟ ಕೆಳಗಿಟ್ಟು ಏಳುತ್ತಾರೆ. ಕನ್ನಡದ ‘ಅವರು’ ಗೌರವಕ್ಕೂ ಸೈ, ದೂರ ಇಡುವುದಕ್ಕೂ ಸೈ. ‘ಸಾಬರು’ ಹಿಡಿದದ್ದೂ ಇದೇ ದಾರಿ. ‘ಸಾಹೇಬ’ ಎಂಬ ಮರ್ಯಾದೆಯ ಮಾತು ಸವೆದು ಸವೆದು ಗುರುತು ಹಚ್ಚುವ ಮಾತಾಯಿತು.

ಬಲಪಂಥೀಯ ರಾಜಕಾರಣಕ್ಕೂ ಅಲ್ಪಸಂಖ್ಯಾತ ಮತದಾರರಿಗೂ ನಡುವಿನ ಅಪನಂಬಿಕೆಯಲ್ಲಿ ಇಂಥ ಮಾತುಗಳ ಪಾಲು ದೊಡ್ಡದು. “ನಾವು ದೇಶ ಅಂದರೂ, ಕಾನೂನು ಅಂದರೂ ನಿಮಗೆ ವಿಷವೇ ಕೇಳಿಸುತ್ತದೆ” ಎಂಬುದು ಬಲಪಂಥೀಯರ ದೂರು. “ಹೆಸರು ಹೇಳದೆ ಬೈದರೆ ಬೈಗುಳ ತಟ್ಟುವುದಿಲ್ಲವೆ?” ಎಂಬುದು ಅಲ್ಪಸಂಖ್ಯಾತರದು. ಇಂಗ್ಲಿಷಿನವರು ಇದನ್ನು ‘ಡಾಗ್ ವಿಸಲ್’ ಎನ್ನುತ್ತಾರೆ, ನಾಯಿಗಷ್ಟೇ ಕೇಳಿಸುವ ಸೀಟಿ. ನನಗೆ ಆ ಹೆಸರು ಒಗ್ಗುವುದಿಲ್ಲ. ಮತದಾರನನ್ನು ನಾಯಿ ಮಾಡಬೇಕಾಗುತ್ತದೆ. ನಾನು ‘ಒಳಮಾತು’ ಎನ್ನುತ್ತೇನೆ. ನಮ್ಮಲ್ಲಿ ‘ಮುಸುಕಿನೊಳಗಿನ ಗುದ್ದು’ ಎಂಬ ಮಾತಿದೆ. ಗುದ್ದು ತಿಂದವನಿಗೆ ನೋವು ಗೊತ್ತು. ಗುದ್ದಿದ ಕೈ ಯಾರದು ಎಂದು ತೋರಿಸಲು ಆಗುವುದಿಲ್ಲ. ಜಗಳ ಇರುವುದೇ ಆ ಎರಡರ ನಡುವೆ.

ಪದಗಳು ನಡೆದ ದಾರಿ

‘ಓಟ್ ಬ್ಯಾಂಕ್’ ಹುಟ್ಟಿದ್ದು ನಮ್ಮ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಎಂಬುದು ಇಂದು ಹೆಚ್ಚಿನವರಿಗೆ ಮರೆತುಹೋಗಿದೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹೋಗಿ ಕೂತು ಅಧ್ಯಯನ ಮಾಡಿದ ಆ ಹಳ್ಳಿಗೆ ‘ರಾಂಪುರ’ ಎಂಬ ಮರೆಹೆಸರು ಕೊಟ್ಟರು. 1955ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಈ ಪದ ಬಂತು. ಅಲ್ಲಿ ಅದರ ಅರ್ಥ, ತನ್ನ ಹಂಗಿನಲ್ಲಿರುವವರ ಮತಗಳನ್ನು ಒಟ್ಟಾಗಿ ಕೊಡಿಸಬಲ್ಲ ಊರ ಯಜಮಾನ. ಅಂದರೆ ಜಮೀನು, ಜಾತಿಬಲ, ಸಾಲದ ಪುಸ್ತಕ ಮೂರೂ ಕೈಯಲ್ಲಿದ್ದವನು. ಬ್ಯಾಂಕು ಬಲಾಢ್ಯನದಾಗಿತ್ತು. ನಾಲ್ಕು ದಶಕ ಕಳೆಯುವಷ್ಟರಲ್ಲಿ ಪದ ಬೋರಲಾಗಿ ಬಿದ್ದಿತು: ಈಗ ‘ಓಟ್ ಬ್ಯಾಂಕ್ ರಾಜಕಾರಣ’ ಅಂದರೆ ಮುಸ್ಲಿಮರ ಓಲೈಕೆ ಎಂದು ಮುಂದಿನ ಸಾಲಿನ ಕಾರ್ಯಕರ್ತನಿಂದ ಹಿಡಿದು ಟಿವಿ ನಿರೂಪಕನವರೆಗೆ ಎಲ್ಲರಿಗೂ ಗೊತ್ತು. ಯಾವ ಆದೇಶವೂ ಇಲ್ಲದೆ ಒಂದು ಪದ ಮನೆ ಬದಲಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಎರಡನೆಯದು ಪತ್ರಿಕೆಗಳ ಮಾತು. ‘ಅನ್ಯಕೋಮಿನ ಯುವಕನೊಂದಿಗೆ ಪತ್ತೆ’, ‘ಎರಡು ಕೋಮುಗಳ ನಡುವೆ ಘರ್ಷಣೆ’. ಗಲಭೆಯ ಸುದ್ದಿ ಬರೆಯುವಾಗ ಸಮುದಾಯದ ಹೆಸರು ಹಾಕಿ ಬೆಂಕಿಗೆ ತುಪ್ಪ ಸುರಿಯಬಾರದು ಎಂಬ ಎಚ್ಚರದಿಂದ ಈ ಬಗೆಯ ಬರವಣಿಗೆ ಬೆಳೆಯಿತು. ಪತ್ರಿಕಾ ಮಂಡಳಿಯ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಆದರೆ ‘ಅನ್ಯಕೋಮಿನ ಯುವಕ’ ಎಂಬ ಎರಡೇ ಪದಗಳನ್ನು ಬಿಡಿಸಿ ನೋಡಿ. ‘ಅನ್ಯ’ ಎನ್ನಬೇಕಾದರೆ ‘ಸ್ವ’ ಇರಬೇಕು. ಬರೆದವನೂ ಓದುವವನೂ ಒಂದೇ ಕೋಮಿನವರು ಎಂಬ ಊಹೆ ಆ ಪದದ ಅಡಿಪಾಯ. ಕಲ್ಯಾಣದುರ್ಗದಲ್ಲೋ ಪಾವಗಡದಲ್ಲೋ ಅದೇ ಪತ್ರಿಕೆ ಕೊಂಡು ಓದುವ ಮುಸ್ಲಿಂ ಓದುಗನಿಗೆ ತಾನು ದುಡ್ಡು ಕೊಟ್ಟು ತರಿಸಿದ ಪತ್ರಿಕೆಯಲ್ಲೇ ತಾನು ಅನ್ಯ. ಎಚ್ಚರಕ್ಕೆಂದು ಹೊದಿಸಿದ ಮುಸುಕೇ ಸಂಜ್ಞೆಯಾದ ಕಥೆ ಇದು. ಯಾರ ದುರುದ್ದೇಶವೂ ಇಲ್ಲದೆ ಹೀಗಾಗಬಲ್ಲದು ಎಂಬುದನ್ನು ಮುಂದಿನ ಚರ್ಚೆಗಾಗಿ ನೆನಪಿಟ್ಟುಕೊಳ್ಳಬೇಕು.

ಆಂಧ್ರದಲ್ಲಿ ಒಳಮಾತು ಮೊದಲು ಪಳಗಿದ್ದು ಧರ್ಮದಲ್ಲಲ್ಲ, ಜಾತಿಯಲ್ಲಿ. ತೆಲುಗು ಪತ್ರಿಕೆಗಳ ‘ಒಕ ಸಾಮಾಜಿಕ ವರ್ಗಂ’ ಎಂಬ ನುಡಿ ಕಮ್ಮವೋ ರೆಡ್ಡಿಯೋ ಕಾಪುವೋ ಎಂಬುದು ಸಂದರ್ಭ ಬಲ್ಲವರಿಗೆಲ್ಲ ತಿಳಿಯುತ್ತದೆ. ರಾಯಲಸೀಮೆಯ ಓದುಗ ಈ ಗರಡಿಯಲ್ಲಿ ಪಳಗಿದವನು. ಧರ್ಮದ ಸಂಜ್ಞೆಗಳು ದೊಡ್ಡದಾಗಿ ಬಂದಾಗ ಅವನಿಗೆ ಓದುವ ವಿದ್ಯೆ ಹೊಸದಾಗಿರಲಿಲ್ಲ.

ಎರಡು ಊರು, ಎರಡು ಲೆಕ್ಕ

ಹಿಂದೂಪುರ ವಿಧಾನಸಭಾ ಕ್ಷೇತ್ರ 1983ರಿಂದ ತೆಲುಗುದೇಶಂ ಕೋಟೆ. ಎನ್.ಟಿ. ರಾಮರಾವ್ 1985, 1989, 1994ರಲ್ಲಿ ಇಲ್ಲಿಂದ ಗೆದ್ದರು. 2009ರಲ್ಲಿ ಅದೇ ಪಕ್ಷದಿಂದ ಅಬ್ದುಲ್ ಘನಿ ಶಾಸಕರಾದರು; 2014ರಲ್ಲಿ ಆ ಸ್ಥಾನಕ್ಕೆ ರಾಮರಾಯರ ಮಗ ನಂದಮೂರಿ ಬಾಲಕೃಷ್ಣ ಬಂದರು. 2019ರಲ್ಲಿ ವೈಎಸ್ಆರ್ ಕಾಂಗ್ರೆಸ್ ನಿವೃತ್ತ ಐಪಿಎಸ್ ಅಧಿಕಾರಿ ಮೊಹಮ್ಮದ್ ಇಕ್ಬಾಲ್ ಅವರನ್ನು ನಿಲ್ಲಿಸಿತು, ಬಾಲಕೃಷ್ಣ ಗೆದ್ದರು. 2024ರಲ್ಲಿ ಮೂರನೆಯ ಸಲ ಗೆದ್ದರು. ತೆಲುಗುದೇಶಂ 1999, 2004, 2014, 2024ರಲ್ಲಿ ಬಿಜೆಪಿ ಜೊತೆಗಿತ್ತು. ಗಣನೀಯ ಮುಸ್ಲಿಂ ಜನಸಂಖ್ಯೆ ಇರುವ ಈ ಊರು ನಾಲ್ಕೂ ಸಲ ಆ ಪಕ್ಷವನ್ನೇ ಗೆಲ್ಲಿಸಿತು. ಆದರೆ 2004ರಲ್ಲಿ ಹಿಂದೂಪುರ ಲೋಕಸಭಾ ಕ್ಷೇತ್ರದಿಂದ ಗೆದ್ದವರು ಕಾಂಗ್ರೆಸ್ಸಿನ ಜಿ. ನಿಜಾಮುದ್ದೀನ್. ಗುಜರಾತಿನ 2002ರ ಗಲಭೆಯ ನೆರಳು ಆ ಚುನಾವಣೆಯ ಮೇಲಿತ್ತು. ಸೋತ ಮೇಲೆ ಚಂದ್ರಬಾಬು ನಾಯ್ಡು ಬಿಜೆಪಿ ಸಖ್ಯ ತಪ್ಪಾಯಿತೆಂದು ಬಹಿರಂಗವಾಗಿಯೇ ಹೇಳಿಕೊಂಡರು.

ಕಲ್ಯಾಣದುರ್ಗದ ಲೆಕ್ಕ ಬೇರೆ. ಅದು ಅನಂತಪುರ ಲೋಕಸಭಾ ಕ್ಷೇತ್ರದ ಭಾಗ. ಶೇಂಗಾ ಬೆಳೆಯುವ, ಮಳೆ ಕೈಕೊಟ್ಟರೆ ಬೆಂಗಳೂರಿಗೆ ಗಂಟುಮೂಟೆ ಕಟ್ಟುವ ಸೀಮೆ. ಬೋಯ, ಕುರುಬ, ಗೊಲ್ಲ ಮತಗಳೇ ಇಲ್ಲಿ ನಿರ್ಣಾಯಕ. 2009ರಲ್ಲಿ ಕಾಂಗ್ರೆಸ್, 2014ರಲ್ಲಿ ತೆಲುಗುದೇಶಂ, 2019ರಲ್ಲಿ ವೈಎಸ್ಆರ್ ಕಾಂಗ್ರೆಸ್, 2024ರಲ್ಲಿ ಮತ್ತೆ ತೆಲುಗುದೇಶಂ. 2009ರಲ್ಲಿ ಗೆದ್ದ ಎನ್. ರಘುವೀರಾ ರೆಡ್ಡಿ ಹೆಸರಿನ ಕೊನೆಗೆ ರೆಡ್ಡಿ ಎಂದಿದ್ದರೂ ಯಾದವ ಸಮುದಾಯದವರು. ಇಲ್ಲಿ ಹೆಸರುಗಳು ಎಷ್ಟು ಮೋಸ ಮಾಡುತ್ತವೆ ನೋಡಿ.

2024ರ ಬೇಸಿಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಏಪ್ರಿಲ್ 21ರಂದು ರಾಜಸ್ಥಾನದ ಬಾನ್ಸವಾಡಾದಲ್ಲಿ ಪ್ರಧಾನಿ ನರೇಂದ್ರ ಮೋದಿ, ಕಾಂಗ್ರೆಸ್ ಗೆದ್ದರೆ ಜನರ ಸಂಪತ್ತು ನುಸುಳುಕೋರರಿಗೂ ಹೆಚ್ಚು ಮಕ್ಕಳಿರುವವರಿಗೂ ಹೋಗುತ್ತದೆ ಎಂಬರ್ಥದ ಮಾತಾಡಿದರು. ಮೇ 13ರಂದು ಆಂಧ್ರ ಮತ ಹಾಕಿತು. ಅದರ ಬೆನ್ನಿಗೇ ಪ್ರಸಾರವಾದ ಸಂದರ್ಶನದಲ್ಲಿ ಪ್ರಧಾನಿ, ಹೆಚ್ಚು ಮಕ್ಕಳೆಂದರೆ ಮುಸ್ಲಿಮರೇ ಎಂದು ಯಾರು ಹೇಳಿದರು, ಬಡವರ ಮನೆಗಳಲ್ಲೂ ಇದೇ ಸ್ಥಿತಿ ಇದೆ ಎಂದು ಸ್ಪಷ್ಟನೆ ಕೊಟ್ಟರು. ಬಾನ್ಸವಾಡಾದ ಭಾಷಣದಲ್ಲಿ ಮುಸ್ಲಿಮರ ಹೆಸರೂ ಬಂದಿತ್ತು, ಮನಮೋಹನ್ ಸಿಂಗ್ ಅವರ 2006ರ ಹೇಳಿಕೆಯನ್ನು ಎತ್ತಿದಾಗ; ಮುಂದಿನ ಮಾತುಗಳಲ್ಲಿ ಹೆಸರು ಮರೆಯಾಗಿ ಗುಣಲಕ್ಷಣಗಳಷ್ಟೇ ಉಳಿದವು. ಒಳಮಾತಿನ ಕಸುಬು ಎಲ್ಲಿದೆಯೆಂದು ಕೇಳಿದರೆ ನಾನು ಆ ದಾಟುವಿಕೆಯ ಕಡೆ ಬೆರಳು ತೋರಿಸುತ್ತೇನೆ.

ಅದೇ ಹೊತ್ತಿಗೆ ಅದೇ ಮೈತ್ರಿಕೂಟದ ನಾಯ್ಡು ಮುಸ್ಲಿಮರ ಶೇ. 4ರ ಮೀಸಲಾತಿ ಉಳಿಸುತ್ತೇವೆ ಎನ್ನುತ್ತಿದ್ದರು. ನೆರೆಯ ತೆಲಂಗಾಣದಲ್ಲಿ ಬಿಜೆಪಿ ನಾಯಕರು ಅದನ್ನು ತೆಗೆಯುತ್ತೇವೆ ಎನ್ನುತ್ತಿದ್ದರು. ಹಿಂದೂಪುರ ಲೋಕಸಭಾ ವ್ಯಾಪ್ತಿಯ ಧರ್ಮಾವರದಲ್ಲಿ ಬಿಜೆಪಿಯ ಸತ್ಯಕುಮಾರ್ ಯಾದವ್ ಗೆದ್ದರು. ಒಂದು ಕೂಟ, ಎರಡು ನಾಲಿಗೆ. ಮತದಾರ ಯಾವ ನಾಲಿಗೆಗೆ ಮತ ಹಾಕಿದ?

ಹೇಳುವವನ ಮನಸ್ಸು

ಒಳಮಾತು ಕೆಲಸ ಮಾಡುವ ಬಗೆಯನ್ನು ವಿದ್ವಾಂಸರ ಹಲವು ಪಂಥಗಳು ಹಲವು ರೀತಿ ವಿವರಿಸುತ್ತವೆ. ಮೊದಲನೆಯ ಪಂಥದ ಪ್ರಕಾರ ಒಳಮಾತು ಒಂದು ತಂತ್ರ; ಅದನ್ನು ಹೆಣೆದವನ ಉದ್ದೇಶವೇ ಅದರ ಅರ್ಥ. ಅಮೆರಿಕದ ರಿಪಬ್ಲಿಕನ್ ಪಕ್ಷದ ತಂತ್ರಗಾರ ಲೀ ಆಟ್‌ವಾಟರ್ 1981ರ ಸಂದರ್ಶನವೊಂದರಲ್ಲಿ, ಹಿಂದೆ ಕಪ್ಪುಜನರನ್ನು ನೇರವಾಗಿ ಬೈಯುತ್ತಿದ್ದವರು ಆಮೇಲೆ ‘ರಾಜ್ಯಗಳ ಹಕ್ಕು’, ‘ತೆರಿಗೆ ಕಡಿತ’ ಎಂಬ ಅಮೂರ್ತ ಮಾತಿಗೆ ಹೇಗೆ ಸರಿಯಬೇಕಾಯಿತೆಂದು ವಿವರಿಸಿದ್ದ. ಕಾನೂನು ವಿದ್ವಾಂಸ ಇಯಾನ್ ಹೇನಿ ಲೋಪೆಜ್ 2014ರ ಪುಸ್ತಕದಲ್ಲಿ ಇದನ್ನೇ ದೊಡ್ಡ ಸಿದ್ಧಾಂತವಾಗಿ ಬೆಳೆಸಿದರು. ಕರ್ನಾಟಕದಲ್ಲಿ ಇಂಥ ಸಾಕ್ಷ್ಯ ಹುಡುಕಲು ಹೆಚ್ಚು ಅಲೆಯಬೇಕಿಲ್ಲ. 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ಬಿಜೆಪಿಯ ಅಂದಿನ ರಾಜ್ಯಾಧ್ಯಕ್ಷ ನಳಿನ್ ಕುಮಾರ್ ಕಟೀಲ್, ರಸ್ತೆ ಚರಂಡಿಯಂಥ ಸಣ್ಣ ವಿಷಯ ಬಿಟ್ಟು ‘ಲವ್ ಜಿಹಾದ್’ ಬಗ್ಗೆ ಮಾತಾಡಿ ಎಂದು ಕಾರ್ಯಕರ್ತರಿಗೆ ಹೇಳಿದರು. ಈ ಪಂಥ ತಂತ್ರವನ್ನು ಚೆನ್ನಾಗಿ ವಿವರಿಸುತ್ತದೆ. ಆದರೆ ಸಂದರ್ಶನದಲ್ಲೋ ಸಭೆಯಲ್ಲೋ ಬಾಯಿಬಿಟ್ಟವರ ಮಟ್ಟಿಗೆ ಮಾತ್ರ. ಬಾಯಿಬಿಡದವರ ಮನಸ್ಸಿಗೆ ಪಂಚನಾಮೆ ಮಾಡುವವರು ಯಾರು?

ಕೇಳುವವನ ಕಿವಿ

ಎರಡನೆಯ ಪಂಥಕ್ಕೆ ಉದ್ದೇಶ ಬೇಕಿಲ್ಲ. ತತ್ತ್ವಶಾಸ್ತ್ರಜ್ಞ ಜಸ್ಟಿನ್ ಖೂ 2017ರಲ್ಲಿ ವಾದಿಸಿದಂತೆ ಪದದೊಳಗೆ ಗುಪ್ತ ಅರ್ಥವೇನೂ ಹುದುಗಿಲ್ಲ. ಕೇಳುಗನಲ್ಲಿ ಮೊದಲೇ ಇರುವ ನಂಬಿಕೆಗೆ ಪದ ತಗುಲಿ ಅರ್ಥ ಹೊಮ್ಮುತ್ತದೆ. ಜೆನಿಫರ್ ಸಾಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಉದ್ದೇಶವಿಲ್ಲದೆ ಬಾಯಿಂದ ಬಾಯಿಗೆ ದಾಟುವ ಸಂಜ್ಞೆಗಳೂ ಉಂಟು ಎನ್ನುತ್ತಾರೆ. ‘ಅನ್ಯಕೋಮು’ ಈ ಗುಂಪಿಗೆ ಸೇರುತ್ತದೆ.

ಭಾರತೀಯ ಕಾವ್ಯಮೀಮಾಂಸೆ ಓದಿದವರಿಗೆ ಇದು ಹಳೆಯ ಗೆಳೆಯನ ಹೊಸ ಭೇಟಿ. ಆನಂದವರ್ಧನನ ಧ್ವನಿ ಸಿದ್ಧಾಂತ ಹೇಳುವುದೂ ವಾಚ್ಯಾರ್ಥದಾಚೆ ಹೊಮ್ಮುವ ಅರ್ಥದ ಕಥೆಯನ್ನೇ. ಅನುಮತಿಯ ಮಾತಿನಂತೆ ಕಂಡದ್ದು ನಿಷೇಧವಾಗಿ ಧ್ವನಿಸುವ ಉದಾಹರಣೆಯನ್ನು ಅವನೇ ಕೊಡುತ್ತಾನೆ. ಆದರೆ ಅಲ್ಲಿ ಧ್ವನಿ ಹಿಡಿಯುವವನು ಸಹೃದಯ, ಕವಿಯ ಸಮಾನಹೃದಯಿ. ಚುನಾವಣಾ ಸಭೆಯಲ್ಲಿ ಧ್ವನಿಯನ್ನು ಮೊದಲು ಹಿಡಿಯುವವರು ಇಬ್ಬರು: ಮಾತು ಮೆಚ್ಚಿದವನು ಒಬ್ಬ, ಮಾತು ಚುಚ್ಚಿದವನು ಇನ್ನೊಬ್ಬ. ನಡುವೆ ನಿಂತವನಿಗೆ ವಾಚ್ಯಾರ್ಥವಷ್ಟೇ ಕೇಳಿಸಿ, “ಅಂಥದ್ದೇನು ಹೇಳಿದರು?” ಎಂದು ಪ್ರಾಮಾಣಿಕವಾಗಿಯೇ ಕೇಳುತ್ತಾನೆ. ಅವನನ್ನು ಕಪಟಿ ಎನ್ನುವುದು ಸುಲಭ, ತಪ್ಪು ಕೂಡ.

ನಾಚಿಕೆ ಇರುವ ತನಕ

ಅಮೆರಿಕದ ರಾಜ್ಯಶಾಸ್ತ್ರಜ್ಞೆ ಟಾಲಿ ಮೆಂಡೆಲ್‌ಬರ್ಗ್ 2001ರಲ್ಲಿ ಮಂಡಿಸಿದ ವಾದ ಸರಳ: ನೇರವಾಗಿ ಹೇಳಲು ಸಮಾಜ ನಾಚುವ ಕಾಲದಲ್ಲಷ್ಟೇ ಒಳಮಾತಿಗೆ ಬೆಲೆ, ಮುಸುಕು ಕಿತ್ತು ತೋರಿಸಿದರೆ ಅದರ ಶಕ್ತಿ ಹೋಗುತ್ತದೆ. ಮುಂದಿನ ಸಂಶೋಧಕರು ಇದನ್ನು ಪ್ರಶ್ನಿಸಿದರು. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈಗ ನೇರ ಮಾತಿಗೂ ಅಮೆರಿಕದ ಮತದಾರ ಮುಖ ಸಿಂಡರಿಸುವುದಿಲ್ಲ ಎಂದು ಕಂಡಿತು. ನಮ್ಮ ಅನುಭವವೂ ಆ ಕಡೆಗೇ ವಾಲುತ್ತದೆ. 2022ರ ಹೊತ್ತಿಗೆ ಕರ್ನಾಟಕದಲ್ಲಿ ಹಿಜಾಬ್, ಹಲಾಲ್, ಆಜಾನ್ ಎಲ್ಲವೂ ಹೆಸರು ಹಿಡಿದೇ ಚರ್ಚೆಯಾದವು. ಮುಸುಕಿನ ಅಗತ್ಯವೇ ಬೀಳಲಿಲ್ಲ. ಹಿಂದೂಪುರದಲ್ಲಿ ಮುಸುಕು ಇನ್ನೂ ಉಳಿದಿದ್ದರೆ ಅದು ಅಲ್ಲಿ ನಾಚಿಕೆ ಉಳಿದಿರುವ ಲಕ್ಷಣ. ವಿಚಿತ್ರ ಅನಿಸಬಹುದು, ಆ ಮಟ್ಟಿಗೆ ಮುಸುಕನ್ನು ಒಳ್ಳೆಯ ಸುದ್ದಿ ಎಂದೇ ಓದಬೇಕು.

ಮತದ ತಕ್ಕಡಿ

ರಾಜ್ಯಶಾಸ್ತ್ರಜ್ಞ ಸ್ಟೀವನ್ ವಿಲ್ಕಿನ್ಸನ್ 2004ರ ಪುಸ್ತಕದಲ್ಲಿ ಮಾತನ್ನು ಬಿಟ್ಟು ಲೆಕ್ಕ ಹಿಡಿದರು. ಪಕ್ಷಗಳ ಪೈಪೋಟಿ ಹೆಚ್ಚಿದ್ದು ಅಲ್ಪಸಂಖ್ಯಾತರ ಮತ ಯಾರಿಗಾದರೂ ಬೇಕಾಗಿದ್ದರೆ ಸರ್ಕಾರ ಗಲಭೆ ತಡೆಯುತ್ತದೆ, ಬೇಡವಾದರೆ ಕೈಕಟ್ಟುತ್ತದೆ ಎಂಬುದು ಅವರ ನಿಲುವು. ಇದೇ ತಕ್ಕಡಿ ಮಾತಿಗೂ ಹೊಂದುತ್ತದೆ. ವಿಭಜನೆಯ ನಂತರದ ಆಂಧ್ರದಲ್ಲಿ ಮುಸ್ಲಿಮರು ಶೇ. 7ರ ಆಸುಪಾಸು. 2014ರಲ್ಲಿ ಬಿಜೆಪಿ ಜೊತೆ ಅಧಿಕಾರಕ್ಕೆ ಬಂದ ನಾಯ್ಡು ಸಂಪುಟದಲ್ಲಿ ಮುಸ್ಲಿಂ ಸಚಿವರೇ ಇರಲಿಲ್ಲ. ಮೈತ್ರಿ ಮುರಿದ ಮೇಲೆ, 2018ರ ನವೆಂಬರ್‌ನಲ್ಲಿ, ಎನ್.ಎಂ.ಡಿ. ಫಾರೂಕ್ ಬಂದರು. 2024ರಲ್ಲಿ ಮೈತ್ರಿಯೂ ಇದೆ, ಫಾರೂಕ್ ಕೂಡ ಮೊದಲ ದಿನದಿಂದ ಇದ್ದಾರೆ. 2025ರ ಏಪ್ರಿಲ್‌ನಲ್ಲಿ ವಕ್ಫ್ ತಿದ್ದುಪಡಿ ಮಸೂದೆಗೆ ಅದೇ ಪಕ್ಷ ಸಂಸತ್ತಿನಲ್ಲಿ ಬೆಂಬಲ ಕೊಟ್ಟಿತು. ಈ ಪಂಥದ ಬಲ ಇರುವುದು ಇಲ್ಲೇ. ಭಾಷಣ ಬದಿಗಿಟ್ಟು ಖಾತೆ ಪುಸ್ತಕ ತೆರೆಯುತ್ತದೆ. ಟೀ ಅಂಗಡಿಯಿಂದ ಎದ್ದು ಹೋದ ಆ ಹಿರಿಯರ ನೋವಿಗೆ ಮಾತ್ರ ಈ ಪುಸ್ತಕದಲ್ಲಿ ಕಲಮು ಇಲ್ಲ.

ಬಲಪಂಥದ ಅಹವಾಲು

ಈ ಚರ್ಚೆಯಲ್ಲಿ ಬಲಪಂಥೀಯರನ್ನು ಆರೋಪಿ ಸ್ಥಾನದಲ್ಲೇ ನಿಲ್ಲಿಸಿ ಮಾತಾಡುವುದು ರೂಢಿ. ಅವರ ವಾದವನ್ನೂ ಪೂರ್ತಿ ಕೇಳಬೇಕು. ಏಕರೂಪ ನಾಗರಿಕ ಸಂಹಿತೆ ಸಂವಿಧಾನದ 44ನೇ ವಿಧಿಯಲ್ಲೇ ಇದೆ. ಅಂಬೇಡ್ಕರ್ ಅದರ ಪರ ವಾದಿಸಿದ್ದರು. 1985ರ ಶಾಬಾನು ತೀರ್ಪಿನ ಸುಪ್ರೀಂ ಕೋರ್ಟೂ ಅದನ್ನು ಬಯಸಿತ್ತು. ಹಾಗಿದ್ದೂ ಇಂದು ಆ ಪದ ಎತ್ತಿದವನೆಲ್ಲ ಮುಸ್ಲಿಂ ದ್ವೇಷಿ ಆಗಬೇಕೆ? ತಿರುಮಲದಲ್ಲಿ ‘ಅನ್ಯಮತ’ ಎಂಬುದು ಆಡಳಿತದ ನಿಯಮಗಳಲ್ಲಿ ಬರುವ ನೇರ ಪದ; ಹಿಂದೂಯೇತರ ಭಕ್ತರು ಘೋಷಣಾಪತ್ರಕ್ಕೆ ಸಹಿ ಹಾಕುವ ಪದ್ಧತಿ ಅಲ್ಲಿದೆ. ಭಕ್ತನೊಬ್ಬ ಅದನ್ನು ಎತ್ತಿದರೆ ಅದು ಭಕ್ತಿಯ ಮಾತು. ‘ಕೋಮುವಾದಿ’, ‘ಮನುವಾದಿ’, ‘ಚೆಡ್ಡಿ’ ಎಂಬ ಪದಗಳೂ ವಾದಕ್ಕೆ ಉತ್ತರ ಕೊಡದೆ ವಾದಿಯನ್ನು ಹೊರದೂಡುವ ಸಂಜ್ಞೆಗಳಲ್ಲವೆ?

ಈ ಅಹವಾಲಿನಲ್ಲಿ ಹುರುಳಿದೆ. ಎಲ್ಲದಕ್ಕೂ ಒಳಮಾತಿನ ಆರೋಪ ಹೊರಿಸಿದರೆ ನೀತಿಯ ಚರ್ಚೆಯೇ ನಿಂತುಹೋಗುತ್ತದೆ. ಆದರೆ 2024ರ ಸೆಪ್ಟೆಂಬರ್ ನೆನಪಿಸಿಕೊಳ್ಳಿ. ತಿರುಮಲ ಲಡ್ಡುವಿನ ತುಪ್ಪದ ವಿವಾದ ಕಲಬೆರಕೆಯ ಪ್ರಶ್ನೆಯಾಗಿ ಶುರುವಾಯಿತು. ಕೆಲವೇ ದಿನಗಳಲ್ಲಿ ಮಾಜಿ ಮುಖ್ಯಮಂತ್ರಿ ಜಗನ್ ಘೋಷಣಾಪತ್ರಕ್ಕೆ ಸಹಿ ಹಾಕುತ್ತಾರೋ ಇಲ್ಲವೋ ಎಂಬಲ್ಲಿಗೆ ಬಂದು ನಿಂತಿತು. ದೇವರನ್ನು ರಾಜಕೀಯದಿಂದ ದೂರ ಇಡಿ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ‘ಡಿಕ್ಲರೇಷನ್’ ಎಂಬ ಕಚೇರಿ ಪದ ‘ಕ್ರೈಸ್ತ’ ಎಂಬ ಪದದ ಕೆಲಸ ಮಾಡಿತು. ಪದಕ್ಕೆ ಕಳಂಕ ಹತ್ತುವುದು ಅದರ ಸಹವಾಸದಿಂದ. ಸಹವಾಸ ಬಿಡಿಸುವ ಹೊಣೆ, ಪದವನ್ನು ಪ್ರಾಮಾಣಿಕವಾಗಿ ಬಳಸಲು ಬಯಸುವವರ ಮೇಲೇ ಮೊದಲು ಬೀಳುತ್ತದೆ. ನನ್ನ ನಿಲುವು ಇಷ್ಟು.

ಇಲ್ಲಿ ಸೌಹಾರ್ದದ ಉತ್ತರವೂ ಒಂದಿದೆ: “ನಮ್ಮಲ್ಲಿ ಅಂಥದ್ದೇನಿಲ್ಲ, ಪೆನುಕೊಂಡದ ಬಾಬಯ್ಯನ ದರ್ಗಾಕ್ಕೆ ಹಿಂದೂಗಳೇ ತುಂಬಿ ಹೋಗುತ್ತಾರೆ, ಗೂಗೂಡಿನ ಕುಳ್ಳಾಯಪ್ಪನ ಪೀರಲ ಹಬ್ಬ ನೋಡಿ.” ಎಲ್ಲ ನಿಜ. ಆದರೆ ದರ್ಗಾಕ್ಕೆ ಸಕ್ಕರೆ ಓದಿಸುವ ಖಾತೆ ಬೇರೆ, ಮತಪೆಟ್ಟಿಗೆಯ ಖಾತೆ ಬೇರೆ. ಒಂದರ ಜಮೆಯಿಂದ ಇನ್ನೊಂದರ ಬಾಕಿ ತೀರುವುದಿಲ್ಲ.

ಕೋರ್ಟಿನ ಕಟಕಟೆ

ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೇ ಕಲಮು ಧರ್ಮದ ಹೆಸರಲ್ಲಿ ಮತ ಕೇಳುವುದನ್ನು ಭ್ರಷ್ಟ ಆಚರಣೆ ಎನ್ನುತ್ತದೆ. 1964ರ ಕುಲ್ತಾರ್ ಸಿಂಗ್ ಪ್ರಕರಣದಲ್ಲಿ ಚುನಾವಣಾ ಪೋಸ್ಟರೊಂದರ ‘ಪಂಥ್’ ಎಂಬ ಒಂದೇ ಪದದ ಮೇಲೆ ವಿಚಾರಣೆ ನಡೆಯಿತು. ಆ ಪೋಸ್ಟರಿನಲ್ಲಿ ಅದು ಅಕಾಲಿ ಪಕ್ಷಕ್ಕೆ ಸೂಚಕ, ಸಿಖ್ ಧರ್ಮಕ್ಕಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿತು. 1995ರ ಡಿಸೆಂಬರ್ 11ರಂದು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಪೀಠ ‘ಹಿಂದುತ್ವ’ವನ್ನು ಜೀವನಶೈಲಿ ಎಂದೂ ಓದಬಹುದು ಎಂದಿತು; ಅದೇ ದಿನ ಬಾಳ ಠಾಕ್ರೆ ಭಾಷಣಗಳ ಕಾರಣಕ್ಕೆ ರಮೇಶ್ ಪ್ರಭು ಅವರ ಆಯ್ಕೆ ಅಸಿಂಧು ಎಂಬ ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿಯಿತು. 2017ರ ಜನವರಿ 2ರಂದು ಏಳು ನ್ಯಾಯಮೂರ್ತಿಗಳ ಪೀಠ, ನಾಲ್ವರ ಬಹುಮತದಲ್ಲಿ, ಅಭ್ಯರ್ಥಿಯಷ್ಟೇ ಅಲ್ಲ ಮತದಾರನ ಧರ್ಮದ ಹೆಸರೂ ಎತ್ತುವಂತಿಲ್ಲ ಎಂದಿತು. ಮೂವರು ಒಪ್ಪಲಿಲ್ಲ: ಹಾಗೆಂದರೆ ಒಂದು ಸಮುದಾಯ ತನಗಾದ ಅನ್ಯಾಯವನ್ನೂ ಹೇಳಿಕೊಳ್ಳುವಂತಿಲ್ಲವೆ ಎಂಬುದು ಅವರ ಆತಂಕ. ಹೆಸರೆತ್ತುವುದು ನಿಷಿದ್ಧವಾದಷ್ಟೂ ಹೆಸರೆತ್ತದ ಮಾತಿಗೆ ಬೇಡಿಕೆ ಹೆಚ್ಚುತ್ತದೆ ಎಂಬ ಚಿಂತೆಯನ್ನು ನಾನೂ ಸೇರಿಸುತ್ತೇನೆ.

ಇನ್ನೂ ಬಗೆಹರಿಯದ್ದು

ಒಳಮಾತು ನಿಜಕ್ಕೂ ಮತ ಬದಲಿಸುತ್ತದೆಯೋ, ಬದಲಾದ ಮನಸ್ಸಿಗೆ ನೆಪ ಒದಗಿಸುತ್ತದೆಯೋ? ಹಿಂದೂಪುರದ ಫಲಿತಾಂಶಗಳನ್ನು ಎರಡೂ ಬಗೆಯಲ್ಲಿ ಓದಬಹುದು. ಭಾಷೆ ದಾಟಿದಾಗ ಸಂಜ್ಞೆಗೆ ಏನಾಗುತ್ತದೆ ಎಂಬುದಂತೂ ಬಹುಪಾಲು ಪಾಳುಬಿದ್ದ ಹೊಲ. ಬಾನ್ಸವಾಡಾದ ‘ಘುಸ್‌ಪೈಠಿಯಾ’ ತೆಲುಗಿಗೆ ‘ಚೊರಬಾಟುದಾರು’ ಆಗಿ, ಗಡಿ ದಾಟಿ ಕನ್ನಡಕ್ಕೆ ‘ನುಸುಳುಕೋರ’ ಆಗಿ ಬರುತ್ತದೆ. ಬಾಂಗ್ಲಾ ಗಡಿಯ ಸುಳಿವೂ ಇಲ್ಲದ ಈ ಸೀಮೆಯಲ್ಲಿ, ತಲೆಮಾರುಗಳಿಂದ ಹುಣಸೆ ವ್ಯಾಪಾರ ಮಾಡಿದವನ ಕಿವಿಗೆ ಅದು ಯಾರ ಹೆಸರಾಗಿ ಬೀಳುತ್ತದೆ?

‘ಮುಸ್ಲಿಂ ಮೀಸಲಾತಿ’ ಎಂಬ ಪದವೇ ಇತ್ಯರ್ಥವಾಗಿಲ್ಲ. ಪರ ಇರುವವರೂ ವಿರೋಧ ಇರುವವರೂ ಹಾಗೆಯೇ ಕರೆಯುತ್ತಾರೆ. 2007ರ ಕಾಯ್ದೆಯಲ್ಲಿ ಅದು ಬಿಸಿ-ಇ. ಹಿಂದುಳಿದ ಕೆಲವು ಮುಸ್ಲಿಂ ಗುಂಪುಗಳ ಪಟ್ಟಿ. ಸೈಯದ್, ಮೊಘಲ್, ಪಠಾಣರು ಅದರಲ್ಲಿಲ್ಲ. ಹತ್ತಿ ಹಿಂಜುವ ದೂದೇಕುಲದವರು ಮೊದಲಿನಿಂದಲೂ ಬಿಸಿ-ಬಿಯಲ್ಲಿದ್ದಾರೆ. ಹೈಕೋರ್ಟ್ ರದ್ದು ಮಾಡಿದ ಈ ಕಾಯ್ದೆಗೆ 2010ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶದ ಮೂಲಕ ಉಸಿರು ಕೊಟ್ಟಿತು. ಅಂದಿನಿಂದ ಶೇ. 4 ಆ ಆದೇಶದ ಮೇಲೆಯೇ ನಡೆದುಕೊಂಡು ಬಂದಿದೆ. ಆ ತಿಂಗಳು ಹಿಂದೂಪುರದಲ್ಲಿ ಹುಟ್ಟಿದ ಮಗುವಿಗೆ 2028ರಲ್ಲಿ ಹದಿನೆಂಟು ತುಂಬುತ್ತದೆ; 2029ರಲ್ಲಿ ಬರಬೇಕಾದ ವಿಧಾನಸಭಾ ಚುನಾವಣೆಯಲ್ಲಿ ಅದು ಮೊದಲ ಮತ ಹಾಕುತ್ತದೆ.